ಎರಡು ವಾರದ ವಿದೇಶ ಕೋರ್ಸು: ದುಡ್ಡಿದೆ, ಕೊಡಗಿನ ತನಕ ಬರುವುದಿಲ್ಲ ಏಕೆ?

ವಿದೇಶ ವ್ಯಾಸಂಗದ ಬಗ್ಗೆ 2025ರಲ್ಲಿ ಬಂದ ಸುದ್ದಿಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದರೆ ಯಾರಿಗಾದರೂ ಗೊಂದಲವಾಗುತ್ತದೆ. ಫೆಬ್ರುವರಿಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ನೇತೃತ್ವದ ಸಂಪುಟ ಉಪಸಮಿತಿ, ಹಿಂದಿನ ಸರ್ಕಾರದ ಅವಧಿಯಲ್ಲಿ ಹುಟ್ಟಿದ ಹತ್ತು ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಂದುವರಿಸುವುದು ಬೇಡ ಎಂದಿತು. ಆ ಒಂಬತ್ತರಲ್ಲಿ ಕೊಡಗು ವಿಶ್ವವಿದ್ಯಾಲಯವೂ ಇತ್ತು. ಜುಲೈಯಲ್ಲಿ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನಕ್ಕೆ 106 ಮಂದಿ ಆಯ್ಕೆಯಾದರು, ಆದರೆ ಮೊದಲ ಸುತ್ತಿನಲ್ಲಿ ತಾತ್ಕಾಲಿಕ ಮಂಜೂರಾತಿ ಪತ್ರ ಸಿಕ್ಕಿದ್ದು 40 ಮಂದಿಗೆ ಮಾತ್ರ. ಉಳಿದವರಿಗೆ ಹಣ ಲಭ್ಯವಾದರೆ ನೋಡೋಣ ಎಂಬ ಉತ್ತರ. ಅದೇ ಜುಲೈಯಲ್ಲಿ ಯುರೋಪಿಯನ್ ಒಕ್ಕೂಟದ ಆಡಳಿತ ಮಂಡಳಿಯಾದ ಯುರೋಪಿಯನ್ ಕಮಿಷನ್, ವಿದ್ಯಾರ್ಥಿ ವಿನಿಮಯಕ್ಕೆ ಹಣ ಕೊಡುವ ತನ್ನ ಎರಾಸ್ಮಸ್ ಪ್ಲಸ್ ಯೋಜನೆಗೆ 2028ರಿಂದ 2034ರವರೆಗೆ 4,080 ಕೋಟಿ ಯೂರೊ ತೆಗೆದಿಡುವ ಪ್ರಸ್ತಾವವನ್ನು ಮುಂದಿಟ್ಟಿತು. ಈಗ ನಡೆಯುತ್ತಿರುವ 2021–27ರ ಅವಧಿಯ ಮೊತ್ತ ಸುಮಾರು 2,620 ಕೋಟಿ ಯೂರೊ.

ಹಾಗಾದರೆ ದುಡ್ಡು ಇದೆಯೋ, ಇಲ್ಲವೋ? ಮಡಿಕೇರಿಯಲ್ಲೋ ಗೋಣಿಕೊಪ್ಪದಲ್ಲೋ ಪದವಿ ಓದುತ್ತಿರುವ ಹುಡುಗಿಯೊಬ್ಬಳು ಬೇಸಿಗೆಯಲ್ಲಿ ಎರಡು ವಾರದ ಕೋರ್ಸಿಗೆ ಯುರೋಪಿಗೆ ಹೋಗಿಬರಬೇಕೆಂದರೆ ಈ ಮೂರು ಸುದ್ದಿಗಳಲ್ಲಿ ಯಾವುದು ಅವಳಿಗೆ ಸಂಬಂಧಿಸಿದ್ದು? ಎರಡನೆಯದು ಅವಳಿಗೆ ಸಂಬಂಧಿಸಿದ್ದೇ ಅಲ್ಲ. ಮೂರನೆಯದು ಸಂಬಂಧಿಸಿದ್ದು, ಆದರೆ ಅವಳ ಕೈಗೆ ನೇರವಾಗಿ ಸಿಗುವುದಿಲ್ಲ. ಸಿಗುತ್ತದೋ ಇಲ್ಲವೋ ಎಂಬುದು, ಯಾರೂ ಊಹಿಸದ ರೀತಿಯಲ್ಲಿ, ಮೊದಲ ಸುದ್ದಿಯ ಮೇಲೆ ನಿಂತಿದೆ.

ಹೆಸರು ಒಂದೇ, ಹಣ ಮೂರು ಬಗೆ

‘ಫಾರಿನ್ ಸ್ಕಾಲರ್‌ಶಿಪ್’ ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವುದರಲ್ಲಿ ಮೂರು ಬೇರೆ ಬೇರೆ ವ್ಯವಸ್ಥೆಗಳಿವೆ.

ಮೊದಲನೆಯದು ಪೂರ್ಣ ಪದವಿಗೆ ಕೊಡುವ ಹಣ. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಈ ಗುಂಪಿನದು. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ಇಡೀ ದೇಶಕ್ಕೆ ವರ್ಷಕ್ಕೆ 125 ಸ್ಥಾನ. ಪರಿಶಿಷ್ಟ ಪಂಗಡಕ್ಕೆ ಬುಡಕಟ್ಟು ವ್ಯವಹಾರಗಳ ಸಚಿವಾಲಯದ ಪ್ರತ್ಯೇಕ ಯೋಜನೆಯಿದೆ, ಅದರಲ್ಲಿ 20 ಸ್ಥಾನ. ಆ 20ರಲ್ಲಿ ಮೂರು ಸ್ಥಾನ ವಿಶೇಷವಾಗಿ ದುರ್ಬಲ ಬುಡಕಟ್ಟುಗಳಿಗೆ ಮೀಸಲು. ಕರ್ನಾಟಕದಲ್ಲಿ ಆ ಪಟ್ಟಿಯಲ್ಲಿರುವುದು ಕೊರಗರು ಮತ್ತು ಜೇನುಕುರುಬರು. ಕೊಡಗಿನ ಹಾಡಿಗಳಲ್ಲಿ ಜೇನುಕುರುಬರು ಎಷ್ಟೋ ಮಂದಿ ಇದ್ದಾರೆ, ಆದ್ದರಿಂದ ಈ ಮೂರು ಸ್ಥಾನಗಳ ಮಾತು ಈ ಜಿಲ್ಲೆಗೆ ದೂರದ್ದಲ್ಲ. ಆದರೆ ಈ ಎರಡೂ ಯೋಜನೆಗಳು ಸ್ನಾತಕೋತ್ತರ ಪದವಿ ಮತ್ತು ಅದರಿಂದ ಮೇಲಿನ ಓದಿಗೆ. ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆಯೂ ಪದವಿ ವ್ಯಾಸಂಗಕ್ಕೇ. ಎರಡು ವಾರ, ಒಂದು ತಿಂಗಳು ಎಂದರೆ ಇವುಗಳ ಬಾಗಿಲು ತೆರೆಯುವುದಿಲ್ಲ.

ಎರಡನೆಯದು ಅಲ್ಪಾವಧಿಯ ಹಣ. ಇಲ್ಲೇ ಓದುತ್ತಿರುವ ವಿದ್ಯಾರ್ಥಿ ಕೆಲವು ದಿನ ಅಥವಾ ಒಂದೆರಡು ತಿಂಗಳು ಹೋಗಿ, ಅಲ್ಲಿ ಗಳಿಸಿದ ಕ್ರೆಡಿಟ್ಟನ್ನು (ಓದಿನ ಹೊರೆ ಅಳೆಯುವ ಅಂಕ) ತನ್ನ ಪದವಿಗೆ ಸೇರಿಸಿಕೊಂಡು ವಾಪಸು ಬರುವುದಕ್ಕೆ. ಎರಾಸ್ಮಸ್ ಪ್ಲಸ್‌ನ ಅಲ್ಪಾವಧಿ ಯೋಜನೆಗಳು, ಜಪಾನಿನ ವಿಜ್ಞಾನ ಸಂಸ್ಥೆ 2014ರಿಂದ ನಡೆಸುತ್ತಿರುವ ಸಕುರಾ ಸೈನ್ಸ್, ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆ ಡಿಎಎಡಿ ಕೊಡುವ ‘ವೈಸ್’ ಇಂಟರ್ನ್‌ಶಿಪ್ ಈ ಗುಂಪಿನವು. ನಮ್ಮ ರಾಜ್ಯ ಉನ್ನತ ಶಿಕ್ಷಣ ಪರಿಷತ್ತು ಬ್ರಿಟಿಷ್ ಕೌನ್ಸಿಲ್ ಜತೆಗೂಡಿ ‘ಸ್ಕೌಟ್’ ಹೆಸರಿನಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳನ್ನು ಎರಡು ವಾರಕ್ಕೆ ಬ್ರಿಟನ್ನಿಗೆ ಕಳಿಸಿದ್ದೂ ಇದೇ ಜಾತಿಯ ಪ್ರಯತ್ನ.

ಮೂರನೆಯದು ಹಣವೇ ಅಲ್ಲ, ರಿಯಾಯಿತಿ. ಮೂರು ಸಾವಿರ ಯೂರೊ ಶುಲ್ಕದ ಸಮ್ಮರ್ ಸ್ಕೂಲಿಗೆ ‘ಶೇ 50 ಸ್ಕಾಲರ್‌ಶಿಪ್’ ಎಂದರೆ ಇನ್ನೂ ಒಂದೂವರೆ ಸಾವಿರ ನೀವೇ ಕಟ್ಟಬೇಕು ಎಂದರ್ಥ, ವಿಮಾನ, ವಸತಿ, ಊಟ ಬೇರೆ. ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಪೋಸ್ಟರುಗಳಲ್ಲಿ ಬಹುಪಾಲು ಇಂಥವೇ. ಅರ್ಜಿಗೇ ಶುಲ್ಕ ಕೇಳುವ ‘ಸ್ಕಾಲರ್‌ಶಿಪ್’ ಕಂಡರೆ ಅಲ್ಲಿಗೇ ಬಿಡುವುದು ಒಳ್ಳೆಯದು.

ಹತ್ತು ದಿನದ ಲೆಕ್ಕ

ಎರಾಸ್ಮಸ್ ಪ್ಲಸ್‌ನ ಇತ್ತೀಚಿನ ಮಾರ್ಗಸೂಚಿ ಪ್ರಕಾರ ಅಲ್ಪಾವಧಿಗೆ ಹೋಗುವ ವಿದ್ಯಾರ್ಥಿಗೆ ಮೊದಲ 14 ದಿನ ದಿನಕ್ಕೆ 79 ಯೂರೊ, 15ರಿಂದ 30ನೇ ದಿನದವರೆಗೆ ದಿನಕ್ಕೆ 56 ಯೂರೊ. ಪ್ರಯಾಣಕ್ಕೆ ಬೇರೆ. ಅದನ್ನು ಟಿಕೆಟ್ ನೋಡಿ ಕೊಡುವುದಿಲ್ಲ, ದೂರ ನೋಡಿ ಕೊಡುತ್ತಾರೆ. 4,000ದಿಂದ 7,999 ಕಿ.ಮೀ. ಒಳಗಿದ್ದರೆ 1,188 ಯೂರೊ. ಕೊಡಗಿನಿಂದ ಮಧ್ಯ ಯುರೋಪಿನ ಯಾವ ಊರಿಗೆ ಗೆರೆ ಎಳೆದರೂ ಈ ಪಟ್ಟಿಯೊಳಗೇ ಬೀಳುತ್ತದೆ. ಗೆರೆ ನೇರ, ಹಕ್ಕಿ ಹಾರುವ ದೂರ. ರೈಲೂ ಇಲ್ಲದ, ವಿಮಾನ ನಿಲ್ದಾಣವೂ ಇಲ್ಲದ ಜಿಲ್ಲೆಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಕಳೆಯುವ ಅರ್ಧ ದಿನ ಆ ಲೆಕ್ಕದಲ್ಲಿ ಕಾಣುವುದಿಲ್ಲ.

ಹತ್ತು ದಿನಕ್ಕೆ 790, ಪ್ರಯಾಣಕ್ಕೆ 1,188, ಒಟ್ಟು 1,978 ಯೂರೊ. ಒಂದು ಯೂರೊಗೆ ನೂರು ರೂಪಾಯಿ ಎಂದಿಟ್ಟುಕೊಂಡರೂ ಹತ್ತಿರ ಹತ್ತಿರ ಎರಡು ಲಕ್ಷ. ಕಳಿಸುವ ಮತ್ತು ಕರೆಸಿಕೊಳ್ಳುವ ಸಂಸ್ಥೆಗಳ ನಡುವೆ ಒಪ್ಪಂದವಿದ್ದರೆ ಬೋಧನಾ ಶುಲ್ಕ ಇರುವುದಿಲ್ಲ. ಮಿತವಾಗಿ ಬದುಕುವ ವಿದ್ಯಾರ್ಥಿಗೆ ಇದು ಸಾಕಾಗುವ ದುಡ್ಡು.

ವೀಸಾದಲ್ಲೂ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಸಂಗತಿಯಿದೆ. ಯುರೋಪಿನ ಬಹುಪಾಲು ದೇಶಗಳಿಗೆ ಒಟ್ಟಾಗಿ ಸಿಗುವ ಷೆಂಗೆನ್ ಅಲ್ಪಾವಧಿ ವೀಸಾದ ಶುಲ್ಕ 2024ರ ಜೂನ್‌ನಿಂದ 90 ಯೂರೊ. ಆದರೆ ವ್ಯಾಸಂಗ ಅಥವಾ ಶೈಕ್ಷಣಿಕ ತರಬೇತಿಗೆ ಹೋಗುವ ವಿದ್ಯಾರ್ಥಿಗಳಿಗೂ ಅವರ ಜತೆ ಹೋಗುವ ಅಧ್ಯಾಪಕರಿಗೂ ಯುರೋಪಿನ ವೀಸಾ ಸಂಹಿತೆಯೇ ಈ ಶುಲ್ಕವನ್ನು ಮನ್ನಾ ಮಾಡಿದೆ. ಅರ್ಜಿ ಸ್ವೀಕರಿಸುವ ಏಜೆನ್ಸಿಯ ಸೇವಾ ಶುಲ್ಕ ಮಾತ್ರ ಕಟ್ಟಬೇಕು. ಪ್ರವಾಸಿ ಎಂದು ಅರ್ಜಿ ಹಾಕಿದರೆ ಈ ವಿನಾಯಿತಿ ಸಿಗುವುದಿಲ್ಲ. ವಿದ್ಯಾರ್ಥಿ ಎಂದು ತೋರಿಸಲು ಕಾಲೇಜಿನ ಪತ್ರ, ಅಲ್ಲಿನ ವಿಶ್ವವಿದ್ಯಾಲಯದ ಆಹ್ವಾನ ಎರಡೂ ಬೇಕು. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ಆರೋಗ್ಯ ವಿಮೆ ಎಲ್ಲರಿಗೂ ಕಡ್ಡಾಯ.

ಅರ್ಜಿ ಹಾಕುವುದು ವಿದ್ಯಾರ್ಥಿಯಲ್ಲ

ಗೊಂದಲದ ಗಂಟು ಇರುವುದು ಇಲ್ಲಿ. ನಮಗೆ ಗೊತ್ತಿರುವ ವಿದ್ಯಾರ್ಥಿವೇತನದಲ್ಲಿ ವಿದ್ಯಾರ್ಥಿ ಅರ್ಜಿ ಹಾಕುತ್ತಾನೆ, ಅಂಕ, ಜಾತಿ, ಆದಾಯ ನೋಡಿ ಸರ್ಕಾರ ಕೊಡುತ್ತದೆ. ಅಲ್ಪಾವಧಿಯ ಹಣ ಹಾಗೆ ಹರಿಯುವುದಿಲ್ಲ. ಎರಾಸ್ಮಸ್ ಪ್ಲಸ್‌ನಲ್ಲಿ ಯುರೋಪಿನ ಒಂದು ವಿಶ್ವವಿದ್ಯಾಲಯ ತನ್ನ ದೇಶದ ರಾಷ್ಟ್ರೀಯ ಏಜೆನ್ಸಿಗೆ ಅರ್ಜಿ ಹಾಕಬೇಕು. ಭಾರತದ ಇಂಥ ಸಂಸ್ಥೆಯಿಂದ ಇಷ್ಟು ವಿದ್ಯಾರ್ಥಿಗಳನ್ನು, ಇಷ್ಟು ಅಧ್ಯಾಪಕರನ್ನು ಕರೆಸಿಕೊಳ್ಳುತ್ತೇವೆ ಎಂದು ಅದರಲ್ಲಿ ಬರೆದಿರಬೇಕು. ಮಂಜೂರಾದ ಮೇಲೆ ಎರಡು ಸಂಸ್ಥೆಗಳೂ ಒಪ್ಪಂದಕ್ಕೆ ಸಹಿ ಹಾಕುತ್ತವೆ. ಆ ಒಪ್ಪಂದದ ಅಡಿಯಲ್ಲಿ ಇಲ್ಲಿನ ಕಾಲೇಜು ತನ್ನ ವಿದ್ಯಾರ್ಥಿಗಳನ್ನು ಆರಿಸಿ ಕಳಿಸುತ್ತದೆ. ಸಕುರಾ ಸೈನ್ಸಿನಲ್ಲೂ ಅರ್ಜಿ ಹಾಕುವುದು ಜಪಾನಿನ ಸಂಸ್ಥೆ. ‘ವೈಸ್’ನಲ್ಲಿ ವಿದ್ಯಾರ್ಥಿಯೇ ಅರ್ಜಿ ಹಾಕಬಹುದಾದರೂ ಜರ್ಮನಿಯ ಪ್ರಾಧ್ಯಾಪಕರೊಬ್ಬರ ಒಪ್ಪಿಗೆ ಪತ್ರ ಮೊದಲೇ ಕೈಯಲ್ಲಿರಬೇಕು. ಆ ಪತ್ರ ಹೇಗೆ ಸಿಗುತ್ತದೆ? ಇಲ್ಲಿನ ಮೇಷ್ಟ್ರಿಗೆ ಅಲ್ಲಿನವರ ಪರಿಚಯವಿದ್ದರೆ.

ಅಂದರೆ ಶೇ 95 ಅಂಕ ಪಡೆದ ವಿದ್ಯಾರ್ಥಿನಿಗಿಂತ, ಒಪ್ಪಂದವಿರುವ ಕಾಲೇಜಿನ ಶೇ 65ರ ವಿದ್ಯಾರ್ಥಿಗೆ ಅವಕಾಶ ಹೆಚ್ಚು. ಇದನ್ನು ಅನ್ಯಾಯವೆನ್ನಬಹುದು. ಆದರೆ ಯುರೋಪಿನವರ ಕಡೆಯಿಂದ ನೋಡಿದರೆ ಕಾರಣವಿದೆ. ಬಂದವಳು ಯಾರು, ಅವಳ ಕ್ರೆಡಿಟ್ಟನ್ನು ಯಾರು ಮಾನ್ಯ ಮಾಡುತ್ತಾರೆ, ತೊಂದರೆಯಾದರೆ ಫೋನ್ ಎತ್ತುವವರು ಯಾರು ಎಂಬುದಕ್ಕೆ ಒಂದು ಸಂಸ್ಥೆ ಹೊಣೆ ಹೊರಬೇಕು ಎಂಬುದು ಅವರ ವಾದ.

ಪೊನ್ನಂಪೇಟೆ ಹೇಳುವ ಕಥೆ

ಊರು ಚಿಕ್ಕದಾದ್ದರಿಂದ ಇದೆಲ್ಲ ನಮಗೆ ಎಟುಕದು ಎಂದುಕೊಳ್ಳುವವರು ಪೊನ್ನಂಪೇಟೆಯ ಅರಣ್ಯ ಕಾಲೇಜನ್ನು ನೋಡಬೇಕು. ಯುರೋಪಿಯನ್ ಒಕ್ಕೂಟದ ಹಣದಲ್ಲಿ ನಡೆದ ‘ಕ್ಯಾಫ್‌ನೆಟ್’ ಯೋಜನೆಯಲ್ಲಿ ಫ್ರಾನ್ಸಿನ ಕೃಷಿ ಸಂಶೋಧನಾ ಸಂಸ್ಥೆ ಸಿರಾಡ್, ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಗಳ ಜತೆ ಈ ಕಾಲೇಜು ಪಾಲುದಾರನಾಗಿತ್ತು. ಮಧ್ಯ ಅಮೆರಿಕ, ಪೂರ್ವ ಆಫ್ರಿಕಾ ಮತ್ತು ಭಾರತದ ಕಾಫಿ ತೋಟಗಳ ನೆರಳು ಮರಗಳು, ನೀರು, ಮಾರುಕಟ್ಟೆಯ ಕುರಿತ ಅಧ್ಯಯನ ಅದು. ಯುರೋಪಿನ ವಿದ್ಯಾರ್ಥಿಗಳು ಇಲ್ಲಿಗೆ ಬಂದು ತೋಟಗಳಲ್ಲಿ ಮರ ಎಣಿಸಿದರು, ದೇವರಕಾಡುಗಳಲ್ಲಿ ಅಳತೆ ತೆಗೆದರು. ಅವರನ್ನು ಸೆಳೆದದ್ದು ಊರಿನ ಗಾತ್ರವಲ್ಲ, ಬೇರೆಲ್ಲೂ ಸಿಗದ ವಿಷಯ: ಕಾಡುಮರಗಳ ನೆರಳಿನಲ್ಲಿ ಬೆಳೆಯುವ ಕಾಫಿ, ಸಾವಿರಕ್ಕೂ ಮಿಕ್ಕ ದೇವರಕಾಡುಗಳು, ತೋಟಕ್ಕಿಳಿಯುವ ಆನೆ. 2018ರ ಭೂಕುಸಿತದ ನಂತರ ಈ ಪಟ್ಟಿಗೆ ಇನ್ನೊಂದು ವಿಷಯವೂ ಸೇರಿತು.

ಕೃಷಿ ಶಿಕ್ಷಣದಲ್ಲಿ ಇನ್ನೊಂದು ಪಾಠವೂ ಇದೆ. ವಿಶ್ವ ಬ್ಯಾಂಕ್ ಮತ್ತು ಕೇಂದ್ರ ಸರ್ಕಾರ ಅರ್ಧರ್ಧ ಹಣ ಹಾಕಿ ನಡೆಸಿದ ರಾಷ್ಟ್ರೀಯ ಕೃಷಿ ಉನ್ನತ ಶಿಕ್ಷಣ ಯೋಜನೆಯಡಿ ಆಯ್ದ ಕೃಷಿ ವಿಶ್ವವಿದ್ಯಾಲಯಗಳ ಪದವಿ ವಿದ್ಯಾರ್ಥಿಗಳು ಅಲ್ಪಾವಧಿ ತರಬೇತಿಗೆ ವಿದೇಶಕ್ಕೆ ಹೋಗಿಬಂದರು. ಯೋಜನೆ ಮುಗಿಯಿತು, ಹಣವೂ ನಿಂತಿತು. ಯೋಜನೆಯ ದುಡ್ಡಿನಲ್ಲಿ ಹೋಗುವುದಕ್ಕೂ ಒಪ್ಪಂದದ ಬಲದಲ್ಲಿ ಹೋಗುವುದಕ್ಕೂ ಇರುವ ವ್ಯತ್ಯಾಸ ಇದು.

ಒಂದು ಜಿಲ್ಲೆ, ಹಲವು ಯಜಮಾನರು

2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,54,519. ಇಷ್ಟು ಚಿಕ್ಕ ಜಿಲ್ಲೆಯ ಕಾಲೇಜುಗಳು ಬೇರೆ ಬೇರೆ ವಿಶ್ವವಿದ್ಯಾಲಯಗಳಿಗೆ ಹಂಚಿಹೋಗಿವೆ. ಪೊನ್ನಂಪೇಟೆಯ ಅರಣ್ಯ ಕಾಲೇಜು ಶಿವಮೊಗ್ಗದ ಕೆಳದಿ ಶಿವಪ್ಪನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಪೊನ್ನಂಪೇಟೆ ಮತ್ತು ಕುಶಾಲನಗರದ ಎಂಜಿನಿಯರಿಂಗ್ ಕಾಲೇಜುಗಳು ಬೆಳಗಾವಿಯ ವಿಟಿಯು ಅಡಿಯಲ್ಲಿವೆ. ಮಡಿಕೇರಿಯ ವೈದ್ಯಕೀಯ ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ್ದು. ಕಲೆ, ವಿಜ್ಞಾನ, ವಾಣಿಜ್ಯ ಕಾಲೇಜುಗಳು ದಶಕಗಳ ಕಾಲ ಮಂಗಳೂರು ವಿಶ್ವವಿದ್ಯಾಲಯದ ಜತೆಗಿದ್ದವು. 2023ರಲ್ಲಿ ಚಿಕ್ಕ ಅಳುವಾರದ ಜ್ಞಾನಕಾವೇರಿ ಕ್ಯಾಂಪಸ್ಸಿನಲ್ಲಿ ಕೊಡಗು ವಿಶ್ವವಿದ್ಯಾಲಯ ಶುರುವಾದ ಮೇಲೆ ಅತ್ತ ಬಂದವು.

ಇದರಿಂದಾಗಿ ಪೊನ್ನಂಪೇಟೆಯ ಸಂಬಂಧ ಗೋಣಿಕೊಪ್ಪದ ಬಿಎಸ್ಸಿ ವಿದ್ಯಾರ್ಥಿನಿಗೆ ದಕ್ಕುವುದಿಲ್ಲ. ನಡುವೆ ಕೆಲವೇ ಕಿಲೋಮೀಟರ್. ಆದರೆ ಕಾಗದದಲ್ಲಿ ಒಬ್ಬಳು ಶಿವಮೊಗ್ಗದವಳು, ಇನ್ನೊಬ್ಬಳು ಚಿಕ್ಕ ಅಳುವಾರದವಳು.

ಹೊಸ ವಿಶ್ವವಿದ್ಯಾಲಯದ ಸ್ಥಿತಿ ಇನ್ನೂ ಸೂಕ್ಷ್ಮ. ಮುಚ್ಚಬಹುದು ಎಂಬ ಮಾತು ಒಮ್ಮೆ ಅಧಿಕೃತ ಶಿಫಾರಸಾಗಿ ಹೊರಬಿದ್ದರೆ ಹೊರದೇಶದ ವಿಶ್ವವಿದ್ಯಾಲಯ ಅದರ ಜತೆ ಮೂರು ವರ್ಷದ ಒಪ್ಪಂದಕ್ಕೆ ಸಹಿ ಹಾಕಲು ಹಿಂದೆಮುಂದೆ ನೋಡುತ್ತದೆ. ಒಪ್ಪಂದ ಹೆಸರಿನ ಮೇಲೆ ನಿಲ್ಲುವಂಥದ್ದು. ಹೆಸರು ಬದಲಾದರೆ ಮತ್ತೆ ಮೊದಲಿನಿಂದ ಬರೆಯಬೇಕು. ಹಾಗಾಗಿ ನಿಜವಾಗಿ ಮುಚ್ಚಲಿ ಬಿಡಲಿ, ಅನಿಶ್ಚಿತತೆಯೇ ನಷ್ಟ ಉಂಟುಮಾಡುತ್ತದೆ.

ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ಮಾನ್ಯತೆ ಇಲ್ಲದ ಹೊಸ ವಿಶ್ವವಿದ್ಯಾಲಯಕ್ಕೆ ವಿದೇಶದ ಜತೆ ಒಪ್ಪಂದ ಮಾಡಿಕೊಳ್ಳುವ ಅಧಿಕಾರವೇ ಇಲ್ಲ ಎಂಬ ತಪ್ಪು ತಿಳಿವಳಿಕೆಯೊಂದಿದೆ, ಅದನ್ನೂ ತಿದ್ದಬೇಕು. ಯುಜಿಸಿ 2022ರಲ್ಲಿ ತಂದ ನಿಯಮದಲ್ಲಿ ನ್ಯಾಕ್‌ನ 3.01 ಅಂಕದ ಷರತ್ತು ಇರುವುದು ನಿಜ. ಆದರೆ ಆ ನಿಯಮ ಅವಳಿ ಪದವಿ, ಜಂಟಿ ಪದವಿಗಳಿಗೆ ಸಂಬಂಧಿಸಿದ್ದು, ಅಂದರೆ ಪದವಿ ಪತ್ರದ ಮೇಲೆ ಇಬ್ಬರ ಪಾಲು ಇರುವಂಥವು. ಹತ್ತು ದಿನದ ಕೋರ್ಸಿಗೆ ವಿದ್ಯಾರ್ಥಿ ಕಳಿಸುವ ಸರಳ ವಿನಿಮಯ ಅದರೊಳಗೆ ಬರುವುದಿಲ್ಲ. ಎರಾಸ್ಮಸ್‌ಗೆ ಬೇಕಾದದ್ದು ಆಯಾ ದೇಶದಲ್ಲಿ ಮಾನ್ಯತೆ ಪಡೆದ ಉನ್ನತ ಶಿಕ್ಷಣ ಸಂಸ್ಥೆಯಾಗಿರುವುದು, ಅಷ್ಟೇ. ಆದ್ದರಿಂದ ಕೊಡಗಿಗೆ ಅಡ್ಡಬಂದಿರುವುದು ಕಾನೂನಲ್ಲ, ಮೇಜಿನ ಹಿಂದೆ ಕೂತು ಈ ಕೆಲಸ ಮಾಡುವವರ ಕೊರತೆ.

ಕ್ರೆಡಿಟ್, ಹಾಜರಿ ಮತ್ತು ಕಕ್ಕಡ

ಎರಾಸ್ಮಸ್‌ನ ‘ಬ್ಲೆಂಡೆಡ್ ಇಂಟೆನ್ಸಿವ್’ ಕೋರ್ಸುಗಳಲ್ಲಿ ಆನ್‌ಲೈನ್ ಭಾಗ ಸ್ವಲ್ಪ, ಅಲ್ಲಿಗೇ ಹೋಗಿ ಕಲಿಯುವುದು 5ರಿಂದ 30 ದಿನ. ಮುಗಿಸಿದವರಿಗೆ ಕನಿಷ್ಠ 3 ಯುರೋಪಿಯನ್ ಕ್ರೆಡಿಟ್. ಅಲ್ಲಿ ವರ್ಷಕ್ಕೆ 60 ಕ್ರೆಡಿಟ್, ನಮ್ಮಲ್ಲಿ ಸುಮಾರು 40. ಆ ಪ್ರಕಾರ 3 ಅಂದರೆ ನಮ್ಮ ಎರಡು ಕ್ರೆಡಿಟ್. ಲೆಕ್ಕ ಇಷ್ಟು ಸುಲಭ. ಆದರೆ ಈ ಎರಡು ಕ್ರೆಡಿಟ್ಟನ್ನು ಮಾರ್ಕ್ಸ್ ಕಾರ್ಡಿನ ಯಾವ ಸಾಲಿಗೆ ಹಾಕಬೇಕು ಎಂದು ಮೊದಲೇ ಯಾರೂ ತೀರ್ಮಾನಿಸಿರುವುದಿಲ್ಲ. ಹಾಕದಿದ್ದರೆ ಆ ಹತ್ತು ದಿನ ಬರೀ ಗೈರುಹಾಜರಿ. ಶೇ 75 ಹಾಜರಿ ಬೇಕೆನ್ನುವ ಸೆಮಿಸ್ಟರಿನಲ್ಲಿ ಅದು ಪರೀಕ್ಷೆಗೇ ಕುತ್ತು ತರಬಹುದು. ರಾಜ್ಯ 2024–25ರಿಂದ ನಾಲ್ಕು ವರ್ಷದ ಪದವಿಯಿಂದ ಮತ್ತೆ ಮೂರು ವರ್ಷಕ್ಕೆ ಬಂದದ್ದರಿಂದ ಒಂದೇ ಕಾಲೇಜಿನಲ್ಲಿ ಎರಡು ಬಗೆಯ ಕ್ರೆಡಿಟ್ ಚೌಕಟ್ಟು ಸ್ವಲ್ಪ ಕಾಲ ಜತೆಜತೆಗೆ ನಡೆಯಬೇಕಾಯಿತು. ಅದು ಗುಮಾಸ್ತರ ತಲೆನೋವನ್ನು ಇನ್ನಷ್ಟು ಹೆಚ್ಚಿಸಿತು.

ಕಾಲವೂ ಹೊಂದಿಕೊಳ್ಳುವುದಿಲ್ಲ. ಯುರೋಪಿನ ಬೇಸಿಗೆ ಕೋರ್ಸುಗಳು ಜುಲೈ–ಆಗಸ್ಟಿನಲ್ಲಿ. ನಮಗೆ ಅದು ಕೊಡವರ ಮಳೆಗಾಲದ ತಿಂಗಳಾದ ಕಕ್ಕಡ, ಜಡಿಮಳೆ, ಘಟ್ಟದ ರಸ್ತೆ ಯಾವಾಗ ಮುಚ್ಚುತ್ತದೋ ಹೇಳಲಾಗದ ದಿನಗಳು. ಜತೆಗೆ ಹೊಸ ಸೆಮಿಸ್ಟರ್ ಶುರುವಾಗುವ ಹೊತ್ತು.

ಮೊದಲು ಕೈಯಿಂದ ಹಾಕುವವರು

ಅನುದಾನ ಮಂಜೂರಾಯಿತು ಎಂದೇ ಇಟ್ಟುಕೊಳ್ಳೋಣ. ಎರಾಸ್ಮಸ್‌ನಲ್ಲಿ ಸಾಮಾನ್ಯವಾಗಿ ಹಣದ ಶೇ 70ರಷ್ಟು ಅಥವಾ ಅದಕ್ಕಿಂತ ಹೆಚ್ಚನ್ನು ಮೊದಲ ಕಂತಾಗಿ ಕೊಟ್ಟು, ಉಳಿದದ್ದನ್ನು ಕೋರ್ಸು ಮುಗಿಸಿ ವರದಿ ಸಲ್ಲಿಸಿದ ಮೇಲೆ ಕೊಡುತ್ತಾರೆ. ಹೊರದೇಶದಿಂದ ಬರುವವರಿಗೆ ಮೊದಲ ಕಂತೂ ಅಲ್ಲಿ ಕಾಲಿಟ್ಟ ಮೇಲೆ ಸಿಗುವುದುಂಟು. ಪಾಸ್‌ಪೋರ್ಟ್, ವಿಮೆ, ವೀಸಾ ಕೇಂದ್ರಕ್ಕೆ ಬೆಂಗಳೂರು ಓಡಾಟ, ವಿಮಾನದ ಟಿಕೆಟ್ ಎಲ್ಲವೂ ಅದಕ್ಕಿಂತ ಮುಂಚೆ. ಲಕ್ಷದ ಹತ್ತಿರದ ಮೊತ್ತವನ್ನು ಏಪ್ರಿಲ್–ಮೇ ತಿಂಗಳಲ್ಲಿ ಮನೆಯವರು ಹೊಂದಿಸಬೇಕು. ಖಾತೆಯಲ್ಲಿ ಹಣವಿದೆ ಎಂದು ವೀಸಾ ಅಧಿಕಾರಿಗೆ ತೋರಿಸಲೂ ಬೇಕು.

ರೊಬಸ್ಟಾ ಕೊಯ್ಲು ಮುಗಿಸಿ ಕಾಫಿ ಮಾರಿದ ತೋಟದ ಮನೆಗೆ ಅದು ಕಷ್ಟದ ಮಾತಲ್ಲ. ಅದೇ ತೋಟದ ಲೈನ್‌ಮನೆಯಲ್ಲಿ ವಾರದ ಬಟವಾಡೆ ನಂಬಿದವರಿಗೆ ಆ ಮೊತ್ತ ಕನಸು. ನಡುವಿನವರ ಪಾಡು ಬೇರೆಯೇ: ಜಮ್ಮಾ ಜಮೀನಿನ (ಕೊಡಗಿನ ವಂಶಪಾರಂಪರ್ಯ ಹಿಡುವಳಿ) ಪಹಣಿ ಸಾಮಾನ್ಯವಾಗಿ ಒಕ್ಕದ, ಅಂದರೆ ಕುಲ ಕುಟುಂಬದ, ಪಟ್ಟೇದಾರರ ಹೆಸರಿನಲ್ಲಿರುತ್ತದೆ, ಕೆಲವೊಮ್ಮೆ ಆ ಪಟ್ಟೇದಾರರು ತೀರಿಕೊಂಡು ಎಷ್ಟೋ ವರ್ಷವಾಗಿರುತ್ತದೆ. ಇದು ನನ್ನ ಪಾಲು ಎಂದು ಬ್ಯಾಂಕಿಗೆ ಕಾಗದದಲ್ಲಿ ತೋರಿಸುವುದು ಸುಲಭವಲ್ಲ. ಶಿಕ್ಷಣ ಸಾಲವೂ ಪದವಿ, ಡಿಪ್ಲೊಮಾ ಕೊಡುವ ಕೋರ್ಸುಗಳಿಗಾಗಿ ರೂಪಿಸಿದ್ದು, ಎರಡು ವಾರದ ಕೋರ್ಸು ಅದರ ಚೌಕಟ್ಟಿಗೆ ಸಾಮಾನ್ಯವಾಗಿ ಹೊಂದುವುದಿಲ್ಲ. ಹೀಗೆ ‘ಪೂರ್ತಿ ಉಚಿತ’ ಎಂಬ ಅನುದಾನವೂ ಮೊದಲೇ ಕೈಯಲ್ಲಿ ದುಡ್ಡಿದ್ದವರನ್ನೇ ಆರಿಸಿಕೊಳ್ಳುತ್ತದೆ.

ಕಳಿಸಬೇಕೇ ಎಂಬ ಪ್ರಶ್ನೆ

ಇದಕ್ಕೆಲ್ಲ ಸಾರ್ವಜನಿಕ ಹಣ ಹಾಕಬೇಕೇ ಎಂದು ಕೇಳುವವರ ವಾದದಲ್ಲಿ ತೂಕವಿದೆ. ಪೂರ್ಣಾವಧಿ ಅಧ್ಯಾಪಕರಿಲ್ಲದೆ ಅತಿಥಿ ಉಪನ್ಯಾಸಕರನ್ನು ನೆಚ್ಚಿಕೊಂಡಿರುವ ಕಡೆ ಹತ್ತು ಮಂದಿಯನ್ನು ವಿಮಾನ ಹತ್ತಿಸುವುದು ದುಂದು, ಎರಡು ವಾರದಲ್ಲಿ ಕಲಿಯುವುದಕ್ಕಿಂತ ನೋಡುವುದೇ ಹೆಚ್ಚು, ಆ ದುಡ್ಡಿನಲ್ಲಿ ಪ್ರಯೋಗಾಲಯಕ್ಕೆ ಉಪಕರಣ ಬರುತ್ತದೆ ಎಂಬುದು ಅವರ ಮಾತು. ಪೂರ್ಣ ಪದವಿಗೆ ಆಯ್ಕೆಯಾದವರಿಗೇ ಹಣ ಸಾಲದಿರುವಾಗ ಅಲ್ಪಾವಧಿಯ ಮಾತು ಯಾಕೆ ಎಂದೂ ಕೇಳುತ್ತಾರೆ.

ಎದುರು ವಾದ ಹೀಗಿದೆ: ಪೂರ್ಣ ಪದವಿಗೆ ಹೋಗುವುದೆಂದರೆ ಹತ್ತಾರು ಲಕ್ಷ, ಎರಡು ವರ್ಷ, ಒಮ್ಮೆಗೇ ಹಾರುವ ಧೈರ್ಯ. ಮನೆಯಲ್ಲಿ ಮೊದಲ ಬಾರಿಗೆ ಪದವಿ ಓದುತ್ತಿರುವವಳಿಗೆ ಅಲ್ಪಾವಧಿ ಕೋರ್ಸು ಒಂದು ಮೆಟ್ಟಿಲು, ಅಲ್ಲಿ ಸಿಕ್ಕ ಪ್ರಾಧ್ಯಾಪಕರ ಶಿಫಾರಸು ಪತ್ರವೇ ಮುಂದೆ ಪೂರ್ಣ ವಿದ್ಯಾರ್ಥಿವೇತನಕ್ಕೆ ಆಧಾರ. ಜೇನುಕುರುಬ, ಯರವ ಸಮುದಾಯಗಳ ಮಕ್ಕಳಿಗೆ ಈಗಿರುವುದು ಒಂದೋ, ಪೂರ್ಣ ಪದವಿಯ ಎರಡು ವರ್ಷದ ಹಾರಾಟ, ಇಲ್ಲದಿದ್ದರೆ ಏನೂ ಇಲ್ಲ. ನಡುವಿನ ಮೆಟ್ಟಿಲು ಇಲ್ಲದ ಕಡೆ ಮೂರು ಮೀಸಲು ಸ್ಥಾನದ ತನಕ ಹತ್ತುವವರು ಎಷ್ಟು ಮಂದಿ?

ಎರಡೂ ಕಡೆಯವರು ವಿಮಾನದ ಟಿಕೆಟಿನ ಬಗ್ಗೆ ಜಗಳವಾಡುತ್ತಿದ್ದಾರೆ, ಆದರೆ ಟಿಕೆಟಿನ ದುಡ್ಡು ಹೊರಗಿನಿಂದ ಬರುವಂಥದ್ದು. ಇಲ್ಲಿನವರು ಹಾಕಬೇಕಾದದ್ದು ಬೇರೆ. ಒಪ್ಪಂದದ ಕರಡು ಬರೆಯಲು, ಅಲ್ಲಿನ ಕೋರ್ಸಿನ ಪಠ್ಯ ತರಿಸಿ ಪಠ್ಯಕ್ರಮ ಮಂಡಳಿಯ ಮುಂದಿಡಲು, ಇಂಗ್ಲಿಷಿನಲ್ಲಿ ಮಾರ್ಕ್ಸ್ ಕಾರ್ಡ್ ಕೊಡಿಸಲು, ವೀಸಾ ಪತ್ರಕ್ಕೆ ಅದೇ ದಿನ ಸಹಿ ಹಾಕಿಸಲು ಒಬ್ಬರು ಬೇಕು. ಈ ಕೆಲಸ ಗೊತ್ತಿರುವ ಒಬ್ಬರ ವರ್ಷದ ಸಂಬಳ ನಾಲ್ಕೈದು ವಿದ್ಯಾರ್ಥಿಗಳ ಪ್ರವಾಸದ ಖರ್ಚಿಗಿಂತ ಹೆಚ್ಚಾಗಲಾರದು. ಇನ್ನೊಂದು, ಆವರ್ತ ನಿಧಿ: ಹೊರಡುವ ಮುನ್ನ ಲಕ್ಷ ರೂಪಾಯಿ ಬಡ್ಡಿಯಿಲ್ಲದೆ ಕೊಟ್ಟು, ಅನುದಾನ ಬಂದ ಮೇಲೆ ವಾಪಸು ಪಡೆಯುವುದು. ಹತ್ತು ಲಕ್ಷವಿದ್ದರೆ ವರ್ಷಕ್ಕೆ ಹತ್ತು ಮಂದಿ, ಮರುವರ್ಷವೂ ಅದೇ ಹತ್ತು ಲಕ್ಷ. ಪ್ರತಿವರ್ಷ ಪ್ರತಿಭಾ ಪುರಸ್ಕಾರ ಹಂಚುವ ಸಮಾಜಗಳು, ಸಹಕಾರ ಸಂಘಗಳು ಈ ಜಿಲ್ಲೆಯಲ್ಲಿ ಕಡಿಮೆಯೇನಿಲ್ಲ.

ವಿಲೀನವಾದರೆ, ಆಗದಿದ್ದರೆ

ಕೊಡಗು ವಿಶ್ವವಿದ್ಯಾಲಯ ಉಳಿದರೆ ಒಪ್ಪಂದಗಳನ್ನು ಸೊನ್ನೆಯಿಂದ ಕಟ್ಟಬೇಕು, ಆದರೆ ಕಾಫಿ, ಕಾಡು, ಭೂಕುಸಿತ ಎಂಬ ಸ್ವಂತ ವಿಷಯಗಳ ಮೇಲೆ ಕಟ್ಟಬಹುದು. ಅದು ವಿಲೀನವಾಗಿ ಕಾಲೇಜುಗಳು 1980ರಿಂದ ಇರುವ ಮಂಗಳೂರು ವಿಶ್ವವಿದ್ಯಾಲಯಕ್ಕೆ ಮರಳಿದರೆ ಹಳೆಯ ಸಂಸ್ಥೆಯ ಹೆಸರು, ಅದರ ಸಂಬಂಧಗಳು ಸಿಗುತ್ತವೆ. ಆದರೆ ಹತ್ತು ಮಂದಿಯ ಪಟ್ಟಿ ಮಾಡುವಾಗ ಕೊಣಾಜೆಯ ಕ್ಯಾಂಪಸ್ಸಿನವರು ಮೊದಲು ಕಣ್ಣಿಗೆ ಬೀಳುತ್ತಾರೆ, ವಿರಾಜಪೇಟೆಯವರು ಆಮೇಲೆ. ನನ್ನ ಅಂದಾಜಿನಲ್ಲಿ ಯಾವ ದಾರಿಯಾದರೂ ನಡೆಯುತ್ತದೆ. ತೀರ್ಮಾನ ತಡವಾಗುವುದೇ ಎರಡಕ್ಕಿಂತ ಕೆಟ್ಟದ್ದು.

ತಡವಾದಷ್ಟೂ ಏನಾಗುತ್ತದೆ ಎಂಬುದಕ್ಕೆ ವರ್ಷಗಳನ್ನು ಎಣಿಸಿದರೆ ಸಾಕು. ಯುರೋಪಿನ ವಿಶ್ವವಿದ್ಯಾಲಯಗಳು ಈ ಹಣಕ್ಕೆ ಅರ್ಜಿ ಹಾಕುವುದು ವರ್ಷಕ್ಕೊಮ್ಮೆ, ಫೆಬ್ರುವರಿಯ ಆಸುಪಾಸಿನಲ್ಲಿ. ಅದಕ್ಕೂ ಮುಂಚೆ ಪಾಲುದಾರರ ಜತೆ ಮಾತುಕತೆ ಮುಗಿದಿರಬೇಕು, ಅದಕ್ಕೆ ಕೆಲವು ತಿಂಗಳು. ಫಲಿತಾಂಶ ಬರುವುದು ಯುರೋಪಿನ ಬೇಸಿಗೆಯಲ್ಲಿ, ಒಪ್ಪಂದ, ಆಯ್ಕೆ, ವೀಸಾ ಮುಗಿದು ಮೊದಲ ತಂಡ ಹೊರಡುವುದು ಅದರ ಮುಂದಿನ ವರ್ಷ. ಇವತ್ತು ಮಾತುಕತೆ ಶುರುವಾದರೂ ಸುಮಾರು ಎರಡು ವರ್ಷ. ಈ ಸಲ ಮೊದಲ ಸೆಮಿಸ್ಟರಿಗೆ ಸೇರಿದ ವಿದ್ಯಾರ್ಥಿನಿ ಆ ಹೊತ್ತಿಗೆ ಕೊನೆಯ ವರ್ಷದಲ್ಲಿರುತ್ತಾಳೆ. ಶುರುವಾಗುವುದು ಇನ್ನೊಂದು ವರ್ಷ ಮುಂದೆ ಹೋದರೆ ಅವಳ ಕೈಯಲ್ಲಿ ಪದವಿ ಪತ್ರ ಇರುತ್ತದೆ, ಅರ್ಹತೆ ಇರುವುದಿಲ್ಲ.